ತಪ್ಪು ಫ್ಯಾನಿನದಲ್ಲ

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆ. ಹುನಗುಂದ ದಾಟಿ ಇಳಕಲ್ಲಿನ ಕಡೆ ಹೊರಟಿದ್ದ ನಮ್ಮ ಹಳೆಯ ಡೀಸೆಲ್ ಜೀಪಿನ ಶಾಖ ತೋರಿಸುವ ಮುಳ್ಳು ಏರುತ್ತ ಏರುತ್ತ ಕೆಂಪು ಗೆರೆ ಮುಟ್ಟಿತು. ಎರಡು ಕಡೆ ಬೇವಿನ ನೆರಳಿಗೆ ನಿಲ್ಲಿಸಿ, ಆರಿಸಿ, ಹೇಗೋ ಊರು ಮುಟ್ಟಿಸಿ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೇಸ್ತ್ರಿ ಬಾನೆಟ್ ಕೂಡ ಎತ್ತಲಿಲ್ಲ. “ಸಾಹೇಬ್ರ, ಈ ಪಂಖಾ ಕಿತ್ತು ಒಗದು ಕರೆಂಟಿನ ಫ್ಯಾನ್ ಹಾಕಸ್ರಿ. ಗಾಡಿ ತಂಪೂ ಇರ್ತೈತಿ, ಆ್ಯವರೇಜೂ ಬರ್ತೈತಿ” ಎಂದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ಕ್ರೂಸರ್ ಡ್ರೈವರುಗಳೂ ಹೌದೆಂದು ತಲೆಯಾಡಿಸಿದರು. ಗುಜರಿಯಿಂದ ತಂದ ಒಂದು ಫ್ಯಾನು ಆಗಲೇ ಮೇಸ್ತ್ರಿಯ ಕಪಾಟಿನ ಮೇಲೆ ಕೂತಿತ್ತು.

ಮೇಸ್ತ್ರಿಯ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹಳೆಯ ಜೀಪು, ಅಂಬಾಸಿಡರ್, ಪದ್ಮಿನಿಗಳಲ್ಲಿ ಫ್ಯಾನು ಎಂಜಿನ್ನಿನ ಬೆಲ್ಟಿಗೆ ಕಟ್ಟುಬಿದ್ದ ಆಳು. ಎಂಜಿನ್ ಓಡಿದರೆ ಅದೂ ಓಡುತ್ತದೆ, ನಿಧಾನಿಸಿದರೆ ಅದೂ ನಿಧಾನಿಸುತ್ತದೆ. ಆದರೆ ರೇಡಿಯೇಟರಿಗೆ ಗಾಳಿ ಬೇಕಾಗುವ ಹೊತ್ತು ಇದಕ್ಕೆ ತಿರುವುಮುರುವು. ರೈಲ್ವೆ ಗೇಟಿನಲ್ಲಿ ನಿಂತಾಗ ಗಾಳಿ ಬೇಕು, ಆಗ ಫ್ಯಾನು ತೂಕಡಿಸುತ್ತದೆ. ಹೆದ್ದಾರಿಯಲ್ಲಿ ಎಪ್ಪತ್ತು ಎಂಬತ್ತರ ವೇಗದಲ್ಲಿ ಎದುರುಗಾಳಿಯೇ ಸಾಕು, ಆಗ ಅದು ಹುಚ್ಚೆದ್ದು ತಿರುಗುತ್ತದೆ. ಇನ್ನೊಂದು ವಿಷಯವೂ ಇದೆ. ಫ್ಯಾನಿನ ಸುತ್ತು ನಿಮಿಷಕ್ಕೆ 1000ದಿಂದ 3000ಕ್ಕೆ ಏರಿದರೆ ಅದು ಎಳೆಯುವ ಗಾಳಿ ಮೂರು ಪಟ್ಟು, ತಿನ್ನುವ ಶಕ್ತಿ ಮಾತ್ರ 27 ಪಟ್ಟು. ವಿದ್ಯುತ್ ಫ್ಯಾನಿಗೆ ಈ ಹಂಗಿಲ್ಲ. ನೀರು 92-95 ಡಿಗ್ರಿಗೆ ಬಂದಾಗ ತಿರುಗಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. 1983ರಲ್ಲಿ ಬಂದ ಮಾರುತಿ 800ರಲ್ಲೂ ಇದೇ ಇತ್ತು. ಅದರ ಎಂಜಿನ್ ಅಡ್ಡಲಾಗಿ ಕೂತಿದ್ದರಿಂದ ಪುಲ್ಲಿ ರೇಡಿಯೇಟರಿನ ಕಡೆಗಲ್ಲ, ಮಡ್‌ಗಾರ್ಡಿನ ಕಡೆಗೆ ಮುಖಮಾಡಿತ್ತು. ಬೆಲ್ಟಿನ ಫ್ಯಾನು ಕೂರಿಸಲು ಜಾಗವೇ ಇರಲಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೂ ನನ್ನದೊಂದು ತಕರಾರು ಉಳಿಯುತ್ತದೆ. ಆ 27 ಪಟ್ಟಿನ ಲೆಕ್ಕ ಯಾರಿಗೆ? 3000 ಸುತ್ತಿನಲ್ಲಿ ಗಂಟೆಗಟ್ಟಲೆ ಓಡುವವರಿಗೆ. ಬಾಗಲಕೋಟೆಯಿಂದ ಕಮತಗಿ, ಅಮೀನಗಡ ಎಂದು ಊರೂರಿಗೆ ನಿಲ್ಲುತ್ತ, ಒಳಗೆ ಹದಿನೈದು ಮಂದಿ, ಮೇಲೆ ಮೂರು ಚೀಲ ಜೋಳ ಹೊತ್ತು ಹೋಗುವ ಕ್ರೂಸರ್ ದಿನದ ಬಹುಪಾಲು 2000ದ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿ ಲೆಕ್ಕ 27 ಅಲ್ಲ, 8. ಮೇಲಾಗಿ ಕರೆಂಟು ಪುಕ್ಕಟೆ ಬರುವುದಿಲ್ಲ. 12 ವೋಲ್ಟಿನಲ್ಲಿ 25 ಆಂಪಿಯರ್ ಎಳೆಯುವ ಫ್ಯಾನಿಗೆ 300 ವ್ಯಾಟ್ ಬೇಕು. ಬೆಲ್ಟು, ಆಲ್ಟರ್ನೇಟರುಗಳ ನಡುವೆ ಹೆಚ್ಚುಕಡಿಮೆ ಅರ್ಧ ಸೋರಿಹೋಗುವುದರಿಂದ ಎಂಜಿನ್ ತೆರುವುದು 550 ವ್ಯಾಟಿನಷ್ಟು, ಅಂದರೆ ಮುಕ್ಕಾಲು ಅಶ್ವಶಕ್ತಿ. ಹಳೆಯ ಜೀಪಿನ ಆಲ್ಟರ್ನೇಟರ್ ದೀಪ, ಹಾರ್ನು, ಬ್ಯಾಟರಿಗೆಂದು ಅಳೆದು ಇಟ್ಟದ್ದು. ರಾತ್ರಿ ಎರಡು ಹೆಡ್‌ಲೈಟೇ 10 ಆಂಪಿಯರ್ ಕುಡಿಯುತ್ತಿರುವಾಗ ಮೇಲೆ ಈ 25 ಹೇರಿದರೆ, ಬೆಳಗ್ಗೆ ಗಾಡಿ ತಳ್ಳಲು ನಾಲ್ಕು ಜನರನ್ನು ಹುಡುಕಬೇಕು. ಉಳಿತಾಯ ಇಲ್ಲವೆಂದಲ್ಲ, ಇದೆ. ಚಹಾದಂಗಡಿಯಲ್ಲಿ ಹೇಳುವಷ್ಟಿಲ್ಲ.

ಇನ್ನು ತಂಪಿನ ಮಾತು. ರೇಡಿಯೇಟರು ಹೊರಹಾಕುವ ಶಾಖ ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರವನ್ನು ನೆಚ್ಚಿಕೊಂಡಿದೆ. ನೀರು 95 ಡಿಗ್ರಿ ಇದೆ ಎನ್ನಿ. ಡಿಸೆಂಬರಿನ ಬೆಳಗ್ಗೆ ಗಾಳಿ 20 ಇದ್ದರೆ ಅಂತರ 75. ನಮ್ಮ ಮೇ ತಿಂಗಳಲ್ಲಿ ಗಾಳಿ 42ಕ್ಕೆ ಏರಿದರೆ ಅಂತರ ಬರೀ 53. ಅದೇ ಫ್ಯಾನು, ಅದೇ ಗಾಳಿ, ತಂಪು ಮಾತ್ರ ಸುಮಾರು ಶೇಕಡಾ 30 ಕಡಿಮೆ. ಆದರೆ ಈ ಬಿಸಿಲು ಈ ವರ್ಷ ಹೊಸದಾಗಿ ಬಂದದ್ದೇ? ಇದೇ ಜೀಪು ಇದೇ ಫ್ಯಾನು ಹಾಕಿಕೊಂಡು ಇದೇ ರಸ್ತೆಯಲ್ಲಿ ಎಷ್ಟೋ ಬೇಸಿಗೆ ಓಡಿತ್ತು. ತಗಡಿನ ಎಲೆಗಳು ಸವೆದಿರಲಿಲ್ಲ, ಬೆಲ್ಟು ಬಿಗಿಯಾಗಿಯೇ ಇತ್ತು. ಅಂದಮೇಲೆ ಬದಲಾದದ್ದು ಬೇರೆ ಏನೋ ಇರಬೇಕು ಎಂದು ಹಟ ಹಿಡಿದೆ. ಮೇಸ್ತ್ರಿ ಮನಸ್ಸಿಲ್ಲದ ಮನಸ್ಸಿನಿಂದ ರೇಡಿಯೇಟರ್ ಬಿಚ್ಚಿ ಬೆಸುಗೆಯವನ ಬಳಿ ಕಳಿಸಿದ.

ಅವನು ಮೇಲಿನ ತೊಟ್ಟಿಯ ಬೆಸುಗೆ ಕರಗಿಸಿ ಮುಚ್ಚಳ ಎತ್ತಿದಾಗ ಕಂಡದ್ದು ನಮ್ಮ ಮನೆಯ ಹಂಡೆಯ ತಳ! ಅದೇ ಬೂದು ಬಿಳುಪಿನ ಪರೆ, ಅದೇ ಒರಟು. ಮೂರರಲ್ಲೊಂದು ಕೊಳವೆಯ ಬಾಯಿ ಪೂರ್ತಿ ಕಟ್ಟಿತ್ತು. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರಿತು, ಒಂದನ್ನು ಅಂಗೈಯಲ್ಲಿಟ್ಟು ಉಜ್ಜಿದೆ, ಸೀಮೆಸುಣ್ಣದಂತೆ ಪುಡಿಯಾಯಿತು. ನಮ್ಮ ಕಡೆಯ ಬೋರಿನ ನೀರಿನ ಗುಣ ಗೊತ್ತಿಲ್ಲದವರು ಯಾರು? ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯೇಳುವುದಿಲ್ಲ ಎಂದು ಮನೆಯಲ್ಲಿ ದೂರುವ ನಾವೇ ಗಾಡಿಗೆ ಮಾತ್ರ ಢಾಬಾದ ಡ್ರಮ್ಮಿನಿಂದ ಅದೇ ನೀರನ್ನು ಕೊಡಗಟ್ಟಲೆ ಸುರಿಯುತ್ತೇವೆ. ಕಾದಾಗ ನೀರಿನ ಸುಣ್ಣ ಕೊಳವೆಗೆ ಅಂಟಿಕೊಳ್ಳುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಮತ್ತೆ ತುಂಬಿಸಿದರೆ ಮತ್ತಷ್ಟು ಸುಣ್ಣ. ತಾಮ್ರ ಸಾಗಿಸುವ ಶಾಖದಲ್ಲಿ ನೂರರಲ್ಲಿ ಒಂದು ಪಾಲನ್ನೂ ಈ ಪರೆ ಸಾಗಿಸುವುದಿಲ್ಲ. ಹೊರಗೆ ಎಂಥ ಫ್ಯಾನು ಕೂರಿಸಿದರೂ ಗಾಳಿ ಬೀಸುವುದು ಸುಣ್ಣದ ಗೋಡೆಯ ಆಚೆಗೇ.

ಹೊರಗಿನ ಜಾಲರಿಯ ಕಥೆಯೂ ಅಷ್ಟೇ. ಗ್ರಾನೈಟ್ ಲಾರಿಗಳ ಹಿಂದೆ ಹೋಗಿ ಹೋಗಿ ಕೂತ ಕೆಂಪು ಧೂಳು, ಅದರ ಮೇಲೆ ಕಬ್ಬಿನ ರವದಿಯ ಚೂರು. ನೀರು ಹಾಕುವ ಬಾಯಿಯ ಮುಚ್ಚಳದ ರಬ್ಬರು ಕೊಳೆತಿತ್ತು. ಆ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟರೆ ನೀರು 118 ಡಿಗ್ರಿಯವರೆಗೂ ಕುದಿಯದು, ಹಿಡಿಯದಿದ್ದರೆ 100ರೊಳಗೇ ಕುದಿಯುತ್ತದೆ. ಫ್ಯಾನಿನ ಸುತ್ತ ಇರಬೇಕಾದ ತಗಡಿನ ಬಳೆಯಂಥ ಕವರಂತೂ ಇರಲೇ ಇಲ್ಲ. ಎಂದೋ ಬೆಲ್ಟು ಬದಲಿಸುವಾಗ ಅಡ್ಡ ಬರುತ್ತದೆಂದು ತೆಗೆದವರು ಮತ್ತೆ ಹಾಕಿರಲಿಲ್ಲ. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವುದು ಬಿಟ್ಟು ಎಂಜಿನ್ನಿನ ಬಿಸಿಗಾಳಿಯನ್ನೇ ಗಿರಗಿರನೆ ತಿರುಗಿಸುತ್ತದೆ.

ಕೆಡುವ ರೀತಿಯಲ್ಲೂ ಎರಡು ಬಗೆಯ ಫ್ಯಾನಿಗೂ ವ್ಯತ್ಯಾಸವಿದೆ. ಬೆಲ್ಟು ಹರಿಯುವ ಮೊದಲು ಕಿರುಚುತ್ತದೆ, ಹರಿದರೆ ಚಾರ್ಜಿಂಗ್ ದೀಪ ಹತ್ತುತ್ತದೆ. ಗ್ಯಾರೇಜಿನಲ್ಲಿ ಜೋಡಿಸಿದ ಕರೆಂಟಿನ ಫ್ಯಾನಿನ ಫ್ಯೂಸು ಹೋದರೆ ಸದ್ದಿಲ್ಲ, ದೀಪವಿಲ್ಲ. ರಿಲೇ ಕೂಡ ಇಲ್ಲದೆ ಬ್ಯಾಟರಿಯಿಂದ ಸೀದಾ ಸ್ವಿಚ್ಚಿಗೆ ವೈರು ಎಳೆದು, ಡ್ರೈವರ್ ನೆನಪಾದಾಗ ಒತ್ತುವ ಏರ್ಪಾಟನ್ನೂ ಕಂಡಿದ್ದೇನೆ. ಮರೆತ ದಿನ ಹೆಡ್ ಗ್ಯಾಸ್ಕೆಟ್ ಸುಡುತ್ತದೆ.

ಹಾಗೆಂದು ವಿದ್ಯುತ್ ಫ್ಯಾನಿಗೆ ಇಲ್ಲಿ ಕೆಲಸವೇ ಇಲ್ಲವೆನ್ನಲಾರೆ. ಬಾದಾಮಿಯ ಮೇಣಬಸದಿಗಳ ಕೆಳಗೆ ಪ್ರವಾಸಿಗರ ದಾರಿ ಕಾಯುತ್ತ ಎಸಿ ಹಾಕಿಕೊಂಡು ನಿಂತ ಟ್ಯಾಕ್ಸಿಯನ್ನು ನೋಡಿ. ಎಂಜಿನ್ 800 ಸುತ್ತಿನಲ್ಲಿ ಗುನುಗುತ್ತಿದೆ, ಎಸಿಯ ಕಂಡೆನ್ಸರ್ ಒಳಗಿನ ಸೆಕೆಯನ್ನೆಲ್ಲ ರೇಡಿಯೇಟರಿನ ಮುಖಕ್ಕೇ ಊದುತ್ತಿದೆ, ಎದುರುಗಾಳಿಯ ಸುಳಿವಿಲ್ಲ. ಬನಶಂಕರಿ ಜಾತ್ರೆಯ ದಟ್ಟಣೆಯಲ್ಲಿ ಆಮೆಯಂತೆ ತೆವಳುವಾಗಲೂ ಅದೇ ಪಾಡು. ಅಲ್ಲಿ ಬೆಲ್ಟಿನ ಫ್ಯಾನು ಸೋಲುತ್ತದೆ.

ನಾನು ಮಾಡಿಸಿದ್ದು ಇಷ್ಟು: ಕೊಳವೆಗಳಿಗೆ ಸರಳು ಹಾಕಿಸಿ ಪರೆ ತೆಗೆಸಿದೆ, ಜಾಲರಿ ತೊಳೆಸಿದೆ, ಹೊಸ ಮುಚ್ಚಳ ಹಾಕಿಸಿ, ಗುಜರಿಯಲ್ಲಿ ಹುಡುಕಿ ಕವರೊಂದನ್ನು ತಂದುಕೊಟ್ಟೆ. ಅರ್ಧ ಕೂಲಂಟ್, ಅರ್ಧ ಬ್ಯಾಟರಿ ನೀರು ತುಂಬಿಸಿದೆ. ಮರುವಾರ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಹೋದಾಗ ಮುಳ್ಳು ನಡುಮಧ್ಯ ಬಿಟ್ಟು ಕದಲಲಿಲ್ಲ. ಗ್ಯಾರೇಜಿನ ಮುಂದೆ ನಿಲ್ಲಿಸಿ ತೋರಿಸಿದೆ. ಮೇಸ್ತ್ರಿ ಬಗ್ಗಿ ನೋಡಿ, “ಖರೆ ಬಿಡ್ರಿ. ಆದ್ರೂ ಫ್ಯಾನ್ ಹಾಕಿದ್ರ ಇನ್ನೂ ಚಲೋ ಇತ್ತು” ಎಂದ. ಕಪಾಟಿನ ಮೇಲೆ ಅದು ಕಾಣಲಿಲ್ಲ. ಕೇಳಿದರೆ, ಬಾದಾಮಿಯ ಎಸಿ ಟ್ಯಾಕ್ಸಿಯವನೊಬ್ಬ ಒಯ್ದು ಹಾಕಿಸಿಕೊಂಡನಂತೆ. ಅದಕ್ಕೆ ನಾನೇನೂ ಅನ್ನಲಿಲ್ಲ.