ಕಾಸ್‌ಫರ್ಡಿನ ವಿಮಾನ ಭವನ
ಇಂಗ್ಲೆಂಡಿನ ಕಾಸ್‌ಫರ್ಡಿನಲ್ಲಿರುವ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯವು 2007ರಲ್ಲಿ ತೆರೆದ ಶೀತಲ ಸಮರ ಪ್ರದರ್ಶನ ಭವನವನ್ನು ಕುರಿತು, ನೋಡಿ ಬಂದವರಲ್ಲಿ ಒಮ್ಮತವಿಲ್ಲ. ಇಬ್ಭಾಗವಾದ ಜಗತ್ತನ್ನು ಸೂಚಿಸುವಂತೆ ಸೀಳಿ ನಿಲ್ಲಿಸಿದ ಆ ಬಾಗಿದ ಕಟ್ಟಡ ಕೆಲವರಿಗೆ ಕಾವ್ಯ; ಮತ್ತೆ ಕೆಲವರಿಗೆ ವಿಮಾನಗಳನ್ನು ತುರುಕಿದ ಉಗ್ರಾಣ.

ದೂರುವವರ ಮಾತನ್ನು ನಾವು ತಳ್ಳಿಹಾಕಲಾರೆವು. ಯಂತ್ರವನ್ನು ಸುತ್ತಿ ನೋಡಲು ಬಂದವನಿಗೆ ತಲೆಯ ಮೇಲೆ ತೂಗುವ ಅದರ ಹೊಟ್ಟೆಯಷ್ಟೇ ಕಂಡರೆ ನಿರಾಶೆ ಸಹಜವೇ. ಆದರೆ ಮೂತಿಯನ್ನು ನೆಟ್ಟಗೆ ಮೇಲೆತ್ತಿ ತೂಗಹಾಕಿರುವ ‘ಲೈಟ್ನಿಂಗ್’ನ ವಿಷಯದಲ್ಲಿ ಈ ಆಕ್ಷೇಪ ನಿಲ್ಲದು. ಶತ್ರುವಿನ ಬಾಂಬರನ್ನು ತಡೆಯಲು ಕ್ಷಿಪ್ರವಾಗಿ ಮೇಲೇರುವುದೇ ಅದು ಹುಟ್ಟಿದ ಕಾರಣ.

ಅಣ್ವಸ್ತ್ರ ಹೊರಲು ಬ್ರಿಟನ್ ಕಟ್ಟಿದ ವೇಲಿಯಂಟ್, ವಲ್ಕನ್, ವಿಕ್ಟರ್ ಮೂರೂ ಒಂದೇ ಸೂರಿನಡಿ ಕಾಣಸಿಗುವುದು ಇಲ್ಲಿಯೇ. 1957ರ ಮೇ 15ರಂದು ಪೆಸಿಫಿಕ್ ಸಾಗರದ ಮಾಲ್ಡನ್ ದ್ವೀಪದ ಬಳಿ, ಬ್ರಿಟನ್ನಿನ ಮೊದಲ ಜಲಜನಕ ಬಾಂಬಿನ ಪರೀಕ್ಷೆಯಲ್ಲಿ ಬಾಂಬನ್ನು ಕೆಡವಿದ್ದು ಇದೇ ವೇಲಿಯಂಟ್. ಅದರ ಮೈಯ ಬಿಳುಪು, ಸ್ಫೋಟದ ಶಾಖಪ್ರಭೆಯನ್ನು ಹಿಮ್ಮರಳಿಸಿ ವಿಮಾನವನ್ನು ಕಾಯಲೆಂದು ಬಳಿದದ್ದು. (ನೆಲದ ಮೇಲಿನವರಿಗೆ ಅಂಥ ಬಣ್ಣವನ್ನು ಯಾರೂ ಕಂಡುಹಿಡಿಯಲಿಲ್ಲ.) ಬೆಳಕು ಸಾಲದೆಂಬ ದೂರಿಗೆ, ಮಬ್ಬು ಆ ಕಾಲದ ಭೀತಿಗೆ ಒಪ್ಪುತ್ತದೆಂದು ಉತ್ತರ ಹೇಳುವವರುಂಟು, ನಾವು ಅದನ್ನು ಒಪ್ಪೆವು. ಉಳಿದವು ತೂಗಾಡಲಿ, ಈ ಒಂದು ವಿಮಾನದ ಸುತ್ತಲಾದರೂ ನಡೆದಾಡುವಷ್ಟು ಜಾಗ, ನಿಚ್ಚಳವಾದ ಬೆಳಕು ಇರಬೇಕು.