ಪೋರಿ ಮಾತು ಮಷೀನಿಗಿ ತಿಳಿಲಿಲ್ಲಂದ್ರ ಪೋರಿಗ್ಯಾಕ ಬೈತೀರಿ?

ಭಾಲ್ಕಿದಾಗಿರೋ ನನ್ನ ತಂಗಿ ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷ ಆಯ್ತು, ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿದು ಪೂರಾ ಹಿಸಾಬ್ ಆಕಿನೇ ನೋಡ್ತಾಳ. ಹೋದ ತಿಂಗಳು ಬೆಂಗಳೂರಿನ ಒಂದು ಕಂಪನಿ ನೌಕ್ರಿಗಿ ವಿಡಿಯೋದಾಗ ಇಂಟರ್‌ವ್ಯೂ ಇತ್ತು. ಅವರ ಮನಿಯಾಗ ನೆಟ್ ಬರಾಬರ್ ಸಿಗಂಗಿಲ್ಲಂತ ಬೀದರಕ್ಕ ನಮ್ಮ ಮನಿಗಿ ಬಂದಿದ್ಲು. ಕುಕ್ಕರ್ ಸೀಟಿ ಹೊಡಿಬಾರ್ದಂತ ನಾ ಗ್ಯಾಸ್ ಬಂದ್ ಮಾಡಿ ಬಾಗಿಲ ಬಲ್ಲಿ ನಿಂತಿದ್ದೆ.

ಆಕಿ ಮಾತಾಡಿದ್ದೆಲ್ಲಾ ಸ್ಕ್ರೀನಿನ ಕೆಳಗ ಅಕ್ಷರ ಆಗಿ ಓಡ್ಲತ್ತಿತ್ತು. ‘ನಾ ಭಾಲ್ಕಿದಾಕಿ’ ಅಂದ್ರ ‘ನಾನು ಬಾಲಕಿ’ ಅಂತ ಬಂತು. ‘ಸಾಲಿ ಕಲ್ತಿದ್ದು ಔರಾದದಾಗ’ ಅಂದ್ರ ‘ಅವರದಾಗ’ ಅಂತ ಬಂತು. ನನಗ ನಗು ಬಂತು. ಆಮ್ಯಾಲ ಪೋರಿ ‘ಎರಡ್ ವರ್ಷ ಹಿಸಾಬ್ ನಾನೇ ನೋಡ್ಲತ್ತೀನಿ’ ಅಂದ್ಲು. ಕೆಳಗ ಬಂದಿದ್ದು ‘ಎರಡು ವರ್ಷ ಹಿಸಾಬ್ ನಾನೇ ನೋಡಲಿಲ್ಲ’. ನಗು ಅಲ್ಲೇ ನಿಂತ್ತು.

ಎಂಟು ದಿನಕ್ಕ ಮೆಸೇಜ್ ಬಂತು, ಅನುಭವ ಇಲ್ಲಂತ ಕೈಬಿಟ್ಟೀವಿ ಅಂತ. ಫೋನ್ ಹಚ್ಚಿ ಕೇಳಿದ್ರ, ‘ಮಾತಾಡಿಸಿದವರು ಬೇರೆ, ಆರಿಸಿದವರು ಬೇರೆ, ಅವರು ಬರಹ ಓದಿ ತೀರ್ಮಾನ ಮಾಡಿದ್ದಾರೆ’ ಅಂದ್ರು. ಅಂದ್ರ ಆಕಿ ಧ್ವನಿ ಆರಿಸಿದವರು ಕೇಳೇ ಇಲ್ಲ.

ಆಮ್ಯಾಲ ಮನಿಯಾಗ ಆಗಿದ್ದು ಕೇಳ್ರಿ. ಆಕಿ ಅವ್ವ ಬೈದ್ಲು, ವೈನಿ ಬೈದ್ರು, ಬಾಜು ಮನಿ ಕಾಕು ಸೈತ ‘ಶುದ್ಧ ಕನ್ನಡ ಮಾತಾಡ್ಬೇಕಿತ್ತವ್ವ’ ಅಂದ್ರು. ಸುಳ್ಯಾಕ ಹೇಳ್ಲಿ, ನಾನೂ ಅಂದೆ. ಪೋರಿ ಉಣದೇ ಭಾಲ್ಕಿ ಬಸ್ ಹತ್ತಿದ್ಲು. ಅದಕ್ಕೇ ಇದು ಬರಿಲತ್ತೀನಿ.

ತಪ್ಪು ಆಕಿದಲ್ಲ. ಈ ಮಷೀನಿಗಿ ಸಾವಿರಾರು ಮಂದಿ ಮಾತು ಕೇಳಿಸಿ ಕಲಿಸಿರ್ತಾರ. ಯಾವ ಮಾತು ಹೆಚ್ಚಿಗಿ ಕೇಳ್ಯಾದೋ ಅದು ಛಲೋ ತಿಳಿತದ. ಕೇಳದೇ ಇದ್ದ ಮಾತು ಬಂದ್ರ ‘ನನಗ ತಿಳಿಲಿಲ್ಲ’ ಅನ್ನಂಗಿಲ್ಲ, ಅದರಂಗೇ ಕೇಳಿಸೋ ಬ್ಯಾರೆ ಮಾತು ಬರದು ಮುಂದ ಹೋಗ್ತದ. ಓದೋರಿಗಿ ಅದೇ ಖರೇ ಅನಿಸ್ತದ.

ನಮ್ಮ ಬೀದರ 1956ರ ತನಕ ಹೈದರಾಬಾದ್ ರಾಜ್ಯದಾಗಿತ್ತು. ಔರಾದ ಕಡಿ ಮರಾಠಿ, ಬೀದರ ಪ್ಯಾಟ್ಯಾಗ ಉರ್ದು, ಜಹೀರಾಬಾದ್ ಕಡಿ ತೆಲುಗು. ಇವೆಲ್ಲಾ ಕೂಡಿದ ಕನ್ನಡದಾಗೇ ನಾವು ಸಂತಿ ಮಾಡ್ತೀವಿ, ಮದುವಿ ಮಾತುಕತಿ ಮುಗಿಸ್ತೀವಿ. ಒಬ್ಬರ ಮಾತು ಒಬ್ಬರಿಗಿ ತಿಳಿತದ. ಮಷೀನಿಗಿ ತಿಳಿಲಿಲ್ಲಂದ್ರ ಅದು ಇನ್ನಾ ಕಲಿಬೇಕು.

ನಮ್ಮದೊಂದೇ ಕಥಿ ಅಲ್ಲ ಇದು. 2020ರಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಐದು ದೊಡ್ಡ ಕಂಪನಿಗಳ ಇಂಥ ಮಷೀನು ಪರೀಕ್ಷೆ ಮಾಡಿದ್ರು. ಬಿಳಿಯರ 100 ಮಾತಿನಾಗ ಸುಮಾರು 19 ತಪ್ಪು ಬಂದ್ರ, ಕಪ್ಪು ಜನರ 100 ಮಾತಿನಾಗ 35 ತಪ್ಪು. ಇಬ್ಬರೂ ಆಡಿದ್ದು ಇಂಗ್ಲಿಷೇ! ಇಂಗ್ಲಿಷಿಗೇ ಹಿಂಗಾದ್ರ ನಮ್ಮ ಔರಾದ ಕನ್ನಡದ ಗತಿ ಏನ್ರಿ?

ಮಷೀನೇ ಬ್ಯಾಡಂತ ನಾ ಅನ್ನಂಗಿಲ್ಲ. ಕಿವಿ ಕೇಳದವರಿಗಿ ಎದುರಿನವರ ಮಾತು ಅಕ್ಷರ ಆಗಿ ಕಂಡ್ರ ಅದು ದೊಡ್ಡ ಆಸರಿ. ಬೆಂಗಳೂರಿನ ಐಐಎಸ್‌ಸಿದವರು ‘ವಾಣಿ’ ಅಂತ ಜಿಲ್ಲಾ ಜಿಲ್ಲಾ ಮಾತು ಕೂಡಿಸ್ಲತ್ತಾರ, ಅದೂ ಛಲೋ ಕೆಲಸನೇ. ಆದ್ರ ಅದು ಕಲಿಯೋ ತನಕ ನಮ್ಮ ಮಕ್ಕಳು ನೌಕ್ರಿ ಕಳಕೋಬೇಕೇನು?

‘ಸಾವಿರ ಅರ್ಜಿ ಬರ್ತಾವ, ಎಲ್ಲಾರ ಮಾತು ಕೇಳ್ಕೋತ ಕೂಡ್ಲಕ ಆಗ್ತದೇನು’ ಅಂತ ಕಂಪನಿಯವರು ಅನ್ನಬಹುದು. ಎಲ್ಲಾರದು ಬ್ಯಾಡ್ರಿ, ಹೆಸರು ಹೊಡ್ದು ಹಾಕೋ ಮೊದಲು ಆಕಿದಷ್ಟು ಕೇಳ್ರಿ. ಹತ್ತು ನಿಮಿಷದ ಮಾತದು. ನಿಮ್ಮ ಹತ್ತು ನಿಮಿಷ ಉಳಿಸ್ಲಕ ಆಕಿ ಎರಡು ವರ್ಷದ ದುಡಿಮಿ ಅಳಿಸ್ತೀರೇನು? ಅಮೆರಿಕದ ಇಲಿನಾಯ್ ರಾಜ್ಯದಾಗ ವಿಡಿಯೋ ಇಂಟರ್‌ವ್ಯೂ ಎಐ ಕಡಿಂದ ತೂಗಿಸೋದಿದ್ರ ಮೊದ್ಲೇ ತಿಳಿಸಿ ಒಪ್ಪಿಗಿ ತಗೋಬೇಕಂತ 2020ರಿಂದ ಕಾನೂನದ. ನಮ್ಮ ಭಾಗ ಹಿಂದ ಉಳದದಂತ ಸಂವಿಧಾನದಾಗ 371ಜೆ ಸೇರಿಸಿ ಸರ್ಕಾರಿ ನೌಕ್ರಿದಾಗ ಪಾಲು ಕೊಟ್ಟರು. ಖಾಸಗಿಯವರಿಗಿ ನಾವು ಪಾಲು ಕೇಳ್ಲತ್ತಿಲ್ಲ, ಬರೀ ಕಿವಿಗೊಟ್ಟು ಕೇಳ್ರಿ ಅನ್ಲತ್ತೀವಿ.

ನಿಮ್ಮ ಮನಿಯಾಗೂ ಹುಡುಗಿಯರು ಇಂಟರ್‌ವ್ಯೂಕ್ಕ ಕೂಡ್ತಾರ. ‘ನನ್ನ ಮಾತು ಮಷೀನು ಬರಿತದೇನು, ಬರದಿದ್ದು ನನಗ ತೋರಿಸ್ತೀರೇನು’ ಅಂತ ಮೊದ್ಲೇ ಕೇಳ್ಲಕ ಹೇಳ್ರಿ. ತಪ್ಪು ಕಂಡ್ರ ಅಲ್ಲೇ ತಡದು ಹೇಳ್ಲಿ, ನಾಚ್ಕಿ ಬ್ಯಾಡ. ಊರು, ಓದು, ಅನುಭವ ಅದೇ ದಿನ ಬರವಣಿಗಿದಾಗ ಮೇಲ್ ಕಳಿಸ್ಲಿ.

ಬರೋ ಗುರುವಾರ ನಮ್ಮ ಪೋರಿದು ಇನ್ನೊಂದು ಇಂಟರ್‌ವ್ಯೂ ಅದ, ನಮ್ಮ ಮನಿಯಾಗೇ. ವೈನಿ, ಕಾಕು, ನೀವು ಬರ್ರಿ, ಚಹಾ ಕುಡಿರಿ. ಆಕಿಗಿ ‘ಶುದ್ಧ ಮಾತಾಡು’ ಅಂತ ಮಾತ್ರ ಅನಬ್ಯಾಡ್ರಿ. ನಾನೂ ಅನ್ನಂಗಿಲ್ಲ.