ಸಂಜೆ ಐದಕ್ಕೆ ಬೀಳುವ ಕತ್ತಿ

ಲೋಕಸಭೆಯ ಕಾರ್ಯವಿಧಾನದ ನಿಯಮಗಳಲ್ಲಿ 208ನೆಯದೊಂದು ಉಂಟು. ಸಚಿವಾಲಯಗಳ ಅನುದಾನದ ಬೇಡಿಕೆಗಳಿಗೆಂದು ಗೊತ್ತುಪಡಿಸಿದ ದಿನಗಳಲ್ಲಿ ಕಡೆಯ ದಿನ ಸಂಜೆ 5 ಗಂಟೆಗೆ, ಇಲ್ಲವೆ ಸಭಾಧ್ಯಕ್ಷರು ಮೊದಲೇ ನಿಗದಿಮಾಡಿದ ಬೇರೊಂದು ವೇಳೆಗೆ, ಉಳಿದ ಬೇಡಿಕೆಗಳೆಲ್ಲವನ್ನೂ ಒಡನೆಯೇ ಮತಕ್ಕೆ ಹಾಕತಕ್ಕದ್ದೆಂದು ಅದು ವಿಧಿಸುತ್ತದೆ. ಮಾತನಾಡಲು ಎದ್ದವರು ಕುಳಿತುಕೊಳ್ಳಬೇಕು. ಚರ್ಚೆಯ ಮುಖವನ್ನೇ ಕಾಣದ ಸಹಸ್ರಾರು ಕೋಟಿ ರೂಪಾಯಿ ಒಂದು ಧ್ವನಿಮತಕ್ಕೆ ಮಂಜೂರಾಗುತ್ತದೆ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ತಲೆಗಳನ್ನು ಉರುಳಿಸಿದ ಯಂತ್ರದ ಹೆಸರೇ ಇದಕ್ಕೂ ಅಂಟಿಕೊಂಡಿದೆ: ಗಿಲೊಟಿನ್.

ಕತ್ತಿ ಸಿದ್ಧವಾದದ್ದು ಲಂಡನ್ನಿನಲ್ಲಿ. 1881ರ ಜನವರಿ ಕೊನೆಯಲ್ಲಿ ಐರ್ಲೆಂಡಿನ ಸದಸ್ಯರು, ತಮ್ಮ ನಾಡಿನ ಮೇಲೆ ಹೇರಲಿದ್ದ ದಮನದ ಮಸೂದೆಯನ್ನು ತಡೆಯಲೆಂದು, ಕಾಮನ್ಸ್ ಸಭೆಯಲ್ಲಿ ಮಾತನಾಡುತ್ತಲೇ ಹೋದರು. ಸಭೆ 41 ಗಂಟೆಗಳ ಕಾಲ ಎಡೆಬಿಡದೆ ನಡೆಯಿತು. ಫೆಬ್ರವರಿ 2ರ ಬೆಳಿಗ್ಗೆ ಸಭಾಧ್ಯಕ್ಷ ಬ್ರಾಂಡ್, ಯಾವ ನಿಯಮದ ಆಧಾರವೂ ಇಲ್ಲದೆ, ಸ್ವಂತ ಹೊಣೆಯ ಮೇಲೆ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಿದರು. ನಿಯಮ ಹಿಂದಿನಿಂದ ಬಂದಿತು. ವೆಚ್ಚದ ಬೇಡಿಕೆಗಳಿಗೂ ಅದು ಹಬ್ಬಿದ್ದು 1896ರಲ್ಲಿ. ಅಂದಿನ ಸಭಾನಾಯಕ ಬಾಲ್ಫರ್ ಚರ್ಚೆಯ ದಿನಗಳನ್ನು 20ರ ಆಸುಪಾಸಿಗೆ ಮಿತಗೊಳಿಸಿ, ಕಡೆಯ ದಿನ ಉಳಿದುದೆಲ್ಲವೂ ಮತಕ್ಕೆ ಎಂದು ಗೊತ್ತುಮಾಡಿದರು.

ಗಡುವೇ ಬೇಡವೆನ್ನಲು ಬಾರದು. ಧನವಿನಿಯೋಗದ ಕಾನೂನು ಆಗದೆ ಸಂಚಿತ ನಿಧಿಯಿಂದ ಬಿಡಿಗಾಸನ್ನೂ ತೆಗೆಯುವಂತಿಲ್ಲ. ಅಂಚೆಯವನ ಸಂಬಳವೂ ನಿಂತೀತು. ತಡವಾದರೆ ತಾತ್ಕಾಲಿಕ ವೆಚ್ಚಕ್ಕೆ ಲೇಖಾನುದಾನವೆಂಬ ಏರ್ಪಾಡನ್ನು ಸಂವಿಧಾನದ 116ನೆಯ ಅನುಚ್ಛೇದ ಕಲ್ಪಿಸಿದೆ, ನಿಜ. ಆದರೆ ಅದು ಕೈಸಾಲದಂತೆ, ವರ್ಷವಿಡೀ ಸಂಸಾರ ನಡೆಸುವುದಕ್ಕಲ್ಲ.

ಮನೆಯ ತಿಂಗಳ ಲೆಕ್ಕದಲ್ಲಿ ಗೃಹಿಣಿ ‘ಇಷ್ಟು ಬೇಡ’ ಎನ್ನಬಲ್ಲಳು, ‘ಇನ್ನಷ್ಟು ಬೇಕು’ ಎಂದೂ ಎನ್ನಬಲ್ಲಳು. ಲೋಕಸಭೆಯ ಸದಸ್ಯನಿಗೆ ಎರಡನೆಯ ಅಧಿಕಾರವಿಲ್ಲ. ಬೇಡಿಕೆಯನ್ನು ತಗ್ಗಿಸಿರೆಂದು ಸೂಚಿಸಬಹುದು, ಏರಿಸಿರೆಂದು ಕೇಳುವಂತಿಲ್ಲ. ತಗ್ಗಿಸುವುದರಲ್ಲೂ ಸ್ವಾರಸ್ಯವುಂಟು. ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿರೆಂದರೆ ಇಲಾಖೆಯ ನೀತಿಯೇ ಸಮ್ಮತವಲ್ಲವೆಂದು ಅರ್ಥ. 100 ರೂಪಾಯಿ ಕಡಿಮೆ ಮಾಡಿರೆಂದರೆ ಸರ್ಕಾರದ ಹೊಣೆಗೆ ಸೇರಿದ ಒಂದು ನಿರ್ದಿಷ್ಟ ದೂರು ಇದೆಯೆಂದು ಅರ್ಥ. ಆ ನೂರು ರೂಪಾಯಿ ಉಳಿಯಲೆಂದು ಯಾರಿಗೂ ಹಂಬಲವಿಲ್ಲ. ತನ್ನ ಕ್ಷೇತ್ರದಲ್ಲಿ ನಿಂತುಹೋದ ರೈಲ್ವೆ ಸೇತುವೆಯ ಮಾತನ್ನು ಸಚಿವರ ಕಿವಿಗೆ ಹಾಕಲು ಅದೊಂದು ದಾರಿ. ಕತ್ತಿ ಬಿದ್ದಾಗ ಈ ದಾರಿಯೂ ಮುಚ್ಚುತ್ತದೆ.

2018ರ ಮಾರ್ಚಿಯಲ್ಲಿ, ಪುನಃ 2023ರ ಮಾರ್ಚಿಯಲ್ಲಿ, ಗದ್ದಲದ ನಡುವೆ ಎಲ್ಲ ಸಚಿವಾಲಯಗಳ ಬೇಡಿಕೆಗಳೂ ಚರ್ಚೆಯಿಲ್ಲದೆ ಅಂಗೀಕೃತವಾದವು. ಎರಡನೆಯ ಸಲದ ಮುಂಗಡಪತ್ರದ ಗಾತ್ರ ಸುಮಾರು 45 ಲಕ್ಷ ಕೋಟಿ ರೂಪಾಯಿ. 1993ರಿಂದ ಇಲಾಖಾವಾರು ಸ್ಥಾಯೀ ಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸುತ್ತಿವೆಯಲ್ಲ ಎಂಬ ಸಮಾಧಾನವನ್ನು ಕೆಲವರು ಹೇಳುವರು. ಪರಿಶೀಲನೆ ನಡೆಯುವುದು ದಿಟ. ಆದರೆ ಸಮಿತಿಯ ವರದಿ ಕಡಿತದ ಸೂಚನೆಯನ್ನು ಹೋಲುವ ಏನನ್ನೂ ಹೇಳಬಾರದೆಂಬ ನಿಯಮವೂ ಜೊತೆಗೇ ಇದೆ!

ದೋಷ ಐದು ಗಂಟೆಯದಲ್ಲ. ಬಾಲ್ಫರ್ ಕತ್ತಿಯ ಜೊತೆಗೆ ದಿನಗಳ ಸಂಖ್ಯೆಯೊಂದನ್ನೂ ಕೊಟ್ಟಿದ್ದರು. 208ನೆಯ ನಿಯಮದಲ್ಲಿ ಆ ಸಂಖ್ಯೆ ಇಲ್ಲ. ಸಭಾಧ್ಯಕ್ಷರು ಸಭಾನಾಯಕರೊಡನೆ ಸಮಾಲೋಚಿಸಿ ಗೊತ್ತುಪಡಿಸಿದಷ್ಟು ದಿನ. ಸಂವಿಧಾನದ 118ನೆಯ ಅನುಚ್ಛೇದದ ಪ್ರಕಾರ ನಿಯಮಗಳನ್ನು ರಚಿಸಿಕೊಳ್ಳುವುದು ಸದನದ್ದೇ ಅಧಿಕಾರ. ಇಂತಿಷ್ಟು ದಿನಗಳಿಗೆ ಕಡಿಮೆಯಿಲ್ಲದಂತೆ ಎಂಬ ನಾಲ್ಕು ಮಾತು ಸೇರಿಸಲು ಸಂವಿಧಾನದ ತಿದ್ದುಪಡಿ ಬೇಕಾಗದು.